ಬೀಗದ ಕೈ, ಲಕೋಟೆ, ರಸೀದಿ: ಹಂಗೇರಿಯ ಒಂದು ಹಳ್ಳಿಯಿಂದ ಯಹೂದಿಗಳು ಇಲ್ಲವಾದದ್ದು ಹೇಗೆ?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹರೂಪ. ಓದೋಕೆ ಸುಲಭ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ನಾವು ಹೋಗ್ತಾ ಇರೋದು ಹಂಗೇರಿಗೆ. ಆದರೆ ಎಲ್ಲರಿಗೂ ಗೊತ್ತಿರೋ ಬುಡಾಪೆಸ್ಟ್‌ಗೆ ಅಲ್ಲ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರ ಇರೋ ಒಂದು ಹಳ್ಳಿಗೆ. ಊರಿನ ಹೆಸರು ಮಾದ್. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಸುತ್ತ ಗುಡ್ಡ, ಗುಡ್ಡದ ಮೇಲೆಲ್ಲ ದ್ರಾಕ್ಷಿ ತೋಟ.

ಈ ಊರಲ್ಲಿ ಒಂದು ಸಿನಗಾಗ್ ಇದೆ. ಸಿನಗಾಗ್ ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ. ಕಟ್ಟಿದ್ದು 1795ರಲ್ಲಿ. ಪಕ್ಕದಲ್ಲೇ ರಬ್ಬಿ, ಅಂದ್ರೆ ಧರ್ಮಗುರು, ಇರ್ತಿದ್ದ ಮನೆ, ಅದರ ಜೊತೆಗೆ ಹುಡುಗರು ಧರ್ಮಗ್ರಂಥ ಓದ್ತಿದ್ದ ಪಾಠಶಾಲೆ. ಊರಾಚೆ ಹಳೇ ಸ್ಮಶಾನ. ಎಲ್ಲವೂ ಇದೆ. ಇಲ್ಲದಿರೋದು ಒಂದೇ, ಅಲ್ಲಿ ಪ್ರಾರ್ಥನೆ ಮಾಡ್ತಿದ್ದ ಜನ.

ಅವರು ಎಲ್ಲಿಗೆ ಹೋದರು ಅನ್ನೋದಕ್ಕೆ ಉತ್ತರ ಒಂದೇ ಪದ: ಆಶ್‌ವಿಟ್ಜ್. ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಆದರೆ ಇವತ್ತಿನ ಪ್ರಶ್ನೆ ಅದಲ್ಲ. ತಲೆತಲಾಂತರದಿಂದ ಒಂದು ಊರಲ್ಲಿದ್ದವರನ್ನು, ಎಲ್ಲರಿಗೂ ಎಲ್ಲರೂ ಗೊತ್ತಿರೋ ಒಂದು ಹಳ್ಳಿಯಿಂದ, ಕೆಲವೇ ವಾರಗಳಲ್ಲಿ ಖಾಲಿ ಮಾಡಿದ್ದು ಹೇಗೆ? ಬಂದೂಕು ಬೇಕಾಯ್ತು, ನಿಜ. ಆದರೆ ಬಂದೂಕಿಗಿಂತ ಮೊದಲು ಬೇಕಾಗಿದ್ದು ಒಂದು ಪಟ್ಟಿ. ನಾನು ಓದಿದ್ದು ಬಿ.ಕಾಂ. ಲೆಡ್ಜರ್, ದಾಸ್ತಾನು ಪಟ್ಟಿ, ರಸೀದಿ, ಇವೆಲ್ಲ ನಮಗೆ ಪರೀಕ್ಷೆಯ ವಿಷಯ. ಇವೇ ಕಾಗದಗಳು ಒಂದು ನರಮೇಧದ ಕೆಲಸಕ್ಕೂ ಬಂದವು. ಅದು ಹೇಗೆ ಅಂತ ನೋಡೋಣ.

ವೈನ್ ಊರು

ಮಾದ್ ಇರೋದು ತೊಕಾಯ್ ಅನ್ನೋ ವೈನ್ ಸೀಮೆಯಲ್ಲಿ. ಈ ಸೀಮೆ 2002ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಲ್ಲಿ ಬೊದ್ರೋಗ್, ತಿಸಾ ಅಂತ ಎರಡು ನದಿಗಳು ಸೇರ್ತವೆ. ಶರತ್ಕಾಲದಲ್ಲಿ ಅವುಗಳಿಂದ ಮಂಜು ಏಳುತ್ತೆ. ಆ ತೇವಕ್ಕೆ ದ್ರಾಕ್ಷಿ ಮೇಲೆ ಒಂದು ಥರದ ಬೂಷ್ಟು ಬೆಳೆದು, ಹಣ್ಣು ಗಿಡದಲ್ಲೇ ಸುಕ್ಕಾಗಿ, ಸಿಹಿ ಗಟ್ಟಿಯಾಗುತ್ತೆ. ಆ ಹಣ್ಣಿಂದ ಮಾಡೋದೇ 'ಅಸೂ' ಅನ್ನೋ ಸಿಹಿ ವೈನ್. ಯುರೋಪಿನ ರಾಜರ ಮನೆಗಳಿಗೆಲ್ಲ ಹೋಗ್ತಿತ್ತು.

ಈ ವೈನ್‌ಗೆ ಗಡಿಯಾಚೆ ಪೋಲೆಂಡ್‌ನಲ್ಲಿ ದೊಡ್ಡ ಮಾರುಕಟ್ಟೆ ಇತ್ತು. ಯಹೂದಿಗಳು ಈ ಸೀಮೆಗೆ ಬಂದು ನೆಲೆ ನಿಂತದ್ದಕ್ಕೆ ಈ ವ್ಯಾಪಾರವೇ ದೊಡ್ಡ ಕಾರಣ. ಇನ್ನೊಂದು ಕಾರಣ ಧಾರ್ಮಿಕ. ಯಹೂದಿ ಸಂಪ್ರದಾಯಸ್ಥರು ಕುಡಿಯೋದು 'ಕೋಷರ್' ವೈನ್, ಅಂದ್ರೆ ಅವರ ಮಡಿ ನಿಯಮದಂತೆ ತಯಾರಾದದ್ದು. ಹಣ್ಣು ಹಿಂಡೋದರಿಂದ ಹಿಡಿದು ಬಾಟಲಿಗೆ ತುಂಬೋವರೆಗೆ ನಿಯಮ ಪಾಲಿಸೋ ಯಹೂದಿಗಳೇ ಮುಟ್ಟಬೇಕು. ಹಾಗಾಗಿ ಪೋಲೆಂಡ್‌ನ ಯಹೂದಿಗಳಿಗೆ ತೊಕಾಯ್ ವೈನ್ ಬೇಕು ಅಂದ್ರೆ, ತೊಕಾಯ್‌ನಲ್ಲಿ ಯಹೂದಿಗಳು ಇರಲೇಬೇಕು.

ಹೀಗೆ ಮಾದ್ ಬೆಳೀತು. ವ್ಯಾಪಾರಿಗಳು ಮಾತ್ರ ಅಲ್ಲ, ಕುಶಲಕರ್ಮಿಗಳು, ಅಂಗಡಿಯವರು, ಬಡವರು ಎಲ್ಲರೂ ಇದ್ದರು. ಮೊರ್ದೆಖಾಯ್ ವಿಂಕ್ಲರ್ ಅನ್ನೋ ರಬ್ಬಿ 1932ರಲ್ಲಿ ತೀರಿಕೊಳ್ಳೋವರೆಗೆ ಇಲ್ಲಿದ್ದರು. ಅವರ ಹತ್ತಿರ ಓದೋಕೆ ಬೇರೆ ಊರುಗಳಿಂದ ಹುಡುಗರು ಬರ್ತಿದ್ದರು. ಹತ್ತಿರದ ಬೊದ್ರೋಗ್‌ಕೆರೆಸ್ತೂರ್ ಅನ್ನೋ ಊರಲ್ಲಿ ರೆಬ್ ಶಾಯೆಲೆ ಅನ್ನೋ ಗುರುಗಳಿದ್ದರು, 1925ರಲ್ಲಿ ತೀರಿಹೋದರು. ಇವತ್ತಿಗೂ ಅವರ ಪುಣ್ಯತಿಥಿಗೆ ಸಾವಿರಾರು ಭಕ್ತರು ವಿಮಾನ ಹತ್ತಿ ಆ ಹಳ್ಳಿಗೆ ಬರ್ತಾರೆ.

ಹಂಗೇರಿಯ ಯಹೂದಿಗಳಿಗೆ ಸಮಾನ ಹಕ್ಕು ಸಿಕ್ಕಿದ್ದು 1867ರಲ್ಲಿ. ಅಲ್ಲಿಂದ ಮೊದಲ ಮಹಾಯುದ್ಧದವರೆಗೆ ಅವರ ಬದುಕು ಮೇಲೇರ್ತಾನೇ ಇತ್ತು. ಯುದ್ಧದಲ್ಲಿ ಹಂಗೇರಿಯ ಪರವಾಗಿ ಹೋರಾಡಿದರು, ಸತ್ತರು. ಆದರೆ ಆ ಯುದ್ಧದಲ್ಲಿ ಹಂಗೇರಿ ಸೋತು, ತನ್ನ ಮೂರರಲ್ಲಿ ಎರಡು ಪಾಲು ನೆಲ ಕಳ್ಕೊಳ್ತು. ಸೋತ ದೇಶಕ್ಕೆ ದೂರೋದಕ್ಕೆ ಯಾರಾದರೂ ಬೇಕಿತ್ತು.

ಹಂತ ಹಂತವಾಗಿ, ಕಾನೂನು ಪ್ರಕಾರ

ಇಲ್ಲಿಂದ ಮುಂದೆ ಇಸವಿಗಳನ್ನ ಗಮನಿಸಿ. ಎಲ್ಲವೂ ಸಂಸತ್ತಿನಲ್ಲಿ ಪಾಸಾದ ಕಾನೂನುಗಳು.

1920: ವಿಶ್ವವಿದ್ಯಾಲಯದ ಸೀಟುಗಳಿಗೆ ಮಿತಿ. ಕಾಗದದಲ್ಲಿ ಯಹೂದಿ ಅನ್ನೋ ಪದ ಇಲ್ಲದಿದ್ದರೂ, ಗುರಿ ಅವರೇ.

1938: ವಕೀಲಿ, ವೈದ್ಯಕೀಯ ಥರದ ವೃತ್ತಿಗಳಲ್ಲಿ, ಕಂಪನಿಗಳ ಕಚೇರಿ ಕೆಲಸಗಳಲ್ಲಿ ಯಹೂದಿಗಳು ಶೇಕಡಾ 20 ಮೀರಬಾರದು.

1939: ವೃತ್ತಿಗಳಲ್ಲಿ ಆ ಮಿತಿ ಶೇಕಡಾ 6ಕ್ಕೆ ಇಳೀತು. ಸರ್ಕಾರಿ ಲೈಸೆನ್ಸ್ ಬೇಕಾದ ವ್ಯಾಪಾರಗಳ ಬಾಗಿಲು ಮುಚ್ಚತೊಡಗಿತು. ಯಾರು ಯಹೂದಿ ಅನ್ನೋದನ್ನ ಅಪ್ಪ-ಅಮ್ಮ, ಅಜ್ಜ-ಅಜ್ಜಿ ಯಾರು ಅನ್ನೋದರ ಮೇಲೆ ಕಾನೂನೇ ತೀರ್ಮಾನಿಸತೊಡಗಿತು. ಜನ ಹಳೇ ಜನನ ಪ್ರಮಾಣಪತ್ರ ಹುಡುಕ್ಕೊಂಡು ಕಚೇರಿ ಕಚೇರಿ ಅಲೆದರು.

1941: ಯಹೂದಿಗಳು ಮತ್ತು ಯಹೂದಿಯಲ್ಲದವರ ಮಧ್ಯೆ ಮದುವೆ ನಿಷೇಧ.

1942: ಯಹೂದಿಗಳು ಕೃಷಿಭೂಮಿ, ಅರಣ್ಯಭೂಮಿ ಇಟ್ಟುಕೊಳ್ಳೋ ಹಾಗಿಲ್ಲ. ಈಗ ಮಾದ್ ಥರದ ಊರನ್ನ ನೆನಪಿಸಿಕೊಳ್ಳಿ. ದ್ರಾಕ್ಷಿ ತೋಟವೂ ಕೃಷಿಭೂಮಿಯೇ. ಊರಿನ ಬದುಕು ನಿಂತಿದ್ದೇ ಅದರ ಮೇಲೆ.

ಇದರ ಜೊತೆಗೆ ಇನ್ನೊಂದಿತ್ತು. ಯಹೂದಿ ಗಂಡಸರಿಗೆ ಸೈನ್ಯದಲ್ಲಿ ಬಂದೂಕು ಕೊಡ್ತಿರಲಿಲ್ಲ. ಬದಲಿಗೆ 'ಕಾರ್ಮಿಕ ಸೇವೆ' ಅಂತ ಗುದ್ದಲಿ ಕೊಟ್ಟು, ತೋಳಿಗೆ ಹಳದಿ ಪಟ್ಟಿ ಕಟ್ಟಿ, ಉಕ್ರೇನ್ ಯುದ್ಧಭೂಮಿಯವರೆಗೂ ಕಳಿಸ್ತಿದ್ದರು. ಹಸಿವು, ಚಳಿ, ಹೊಡೆತ, ಎಲ್ಲಕ್ಕೂ ಸಿಕ್ಕಿ ಹತ್ತಾರು ಸಾವಿರ ಜನ ಅಲ್ಲೇ ಸತ್ತರು.

ಇಷ್ಟೆಲ್ಲ ಆದರೂ 1944ರ ಆರಂಭದಲ್ಲಿ ಹಂಗೇರಿಯ ಯಹೂದಿಗಳಲ್ಲಿ ಬಹುಪಾಲು ಜನ ಜೀವಂತ ಇದ್ದರು. ಪಕ್ಕದ ಪೋಲೆಂಡ್‌ನ ಯಹೂದಿಗಳನ್ನ ಅಷ್ಟೊತ್ತಿಗೆ ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದರು. ರಷ್ಯಾದ ಸೈನ್ಯ ಹತ್ತಿರ ಬರ್ತಾ ಇತ್ತು. ಇನ್ನು ಸ್ವಲ್ಪ ದಿನ ತಳ್ಳಿದರೆ ಸಾಕು ಅಂತ ಮನೆಮನೆಯಲ್ಲೂ ಅಂದುಕೊಂಡಿದ್ದರು.

ಏಳು ವಾರ

1944ರ ಮಾರ್ಚ್ 19. ಹಂಗೇರಿ ತಮ್ಮ ಕೈಬಿಟ್ಟು ಶತ್ರುಗಳ ಜೊತೆ ಸಂಧಾನ ಮಾಡ್ಕೊಳ್ಳುತ್ತೆ ಅನ್ನೋ ಅನುಮಾನಕ್ಕೆ ಜರ್ಮನ್ ಸೈನ್ಯ ಒಳಗೆ ಬಂತು. ಜೊತೆಗೆ ಬಂದವನು ಅಡಾಲ್ಫ್ ಐಖ್‌ಮನ್. ಯುರೋಪಿನ ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸೋ ಕೆಲಸದ ಪರಿಣಿತ. ಹಂಗೇರಿಯ ಆಡಳಿತಾಧ್ಯಕ್ಷ ಹೋರ್ತಿ ಕುರ್ಚಿಯಲ್ಲೇ ಉಳಿದ, ಜರ್ಮನಿಗೆ ಬೇಕಾದ ಹೊಸ ಸರ್ಕಾರ ಬಂತು.

ಆಮೇಲೆ ಆದೇಶಗಳ ಮಳೆ. ಟೆಲಿಫೋನ್ ಇದ್ದರೆ ತಿಳಿಸಿ. ರೇಡಿಯೋ ಒಪ್ಪಿಸಿ. ಏಪ್ರಿಲ್ 5ರಿಂದ ಬಟ್ಟೆ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಿ. ಏಪ್ರಿಲ್ 16ಕ್ಕೆ ಬಂದ ಇನ್ನೊಂದು ಆದೇಶದ ಪ್ರಕಾರ ಯಹೂದಿಗಳು ತಮ್ಮ ಆಸ್ತಿಯನ್ನೆಲ್ಲ ಘೋಷಿಸಬೇಕು. ಬ್ಯಾಂಕ್ ಖಾತೆ, ಲಾಕರ್ ಎಲ್ಲ ಸ್ತಂಭನ.

ಇದರ ಮಧ್ಯೆ, ಏಪ್ರಿಲ್ 7ರಂದು, ಜನರಿಗೆ ತೋರಿಸದ ಒಂದು ಗುಪ್ತ ಆದೇಶ ಹೊರಟಿತ್ತು. ಸಂಖ್ಯೆ 6163. ಸಹಿ ಹಾಕಿದವನು ಗೃಹ ಇಲಾಖೆಯ ಲಾಸ್ಲೋ ಬಾಕಿ. ಅದರಲ್ಲಿ ಏನಿತ್ತು ಅಂತ ನಿಧಾನವಾಗಿ ಕೇಳಿ.

ಯಹೂದಿಗಳನ್ನೆಲ್ಲ ಒಂದು ಕಡೆ ಸೇರಿಸಬೇಕು, ವಯಸ್ಸು, ಹೆಣ್ಣು-ಗಂಡು ನೋಡೋ ಹಾಗಿಲ್ಲ. ಒಬ್ಬೊಬ್ಬರು ಮೈಮೇಲಿನ ಬಟ್ಟೆ, ಎರಡು ಜೊತೆ ಒಳಬಟ್ಟೆ, ಹದಿನಾಲ್ಕು ದಿನದ ಊಟ ತಗೋಬಹುದು. ಹಾಸಿಗೆ ಸೇರಿ ಒಟ್ಟು ಸಾಮಾನು 50 ಕಿಲೋ ಮೀರಬಾರದು. ದುಡ್ಡು, ಒಡವೆ, ಬಂಗಾರ ತಗೊಂಡು ಹೋಗೋ ಹಾಗಿಲ್ಲ. ಅವನ್ನ ಪಟ್ಟಿ ಮಾಡಿ, ರಸೀದಿ ಪಡೆದು, ಸ್ಥಳೀಯ ಆಡಳಿತಕ್ಕೆ ಒಪ್ಪಿಸಬೇಕು. ಮನೆಗೆ ಬೀಗ ಹಾಕಿ ಸೀಲ್ ಮಾಡಬೇಕು. ಬೀಗದ ಕೈಯನ್ನ ಲಕೋಟೆಯಲ್ಲಿಟ್ಟು, ಮೇಲೆ ಮನೆಯವರ ಹೆಸರು, ವಿಳಾಸ ಬರೆದು ಅಂಟಿಸಬೇಕು. ದನಕರು, ಕೆಟ್ಟುಹೋಗೋ ಪದಾರ್ಥ ಏನು ಮಾಡಬೇಕು ಅನ್ನೋದೂ ಅದರಲ್ಲಿತ್ತು.

ಇಷ್ಟು ಅಚ್ಚುಕಟ್ಟು ಯಾಕೆ? ಅದೊಂದು ಆಫೀಸ್ ಕೆಲಸದ ಹಾಗೆ ಕಾಣಬೇಕಿತ್ತು. ಲಕೋಟೆ ಮೇಲೆ ಹೆಸರು ಬರೆದವನಿಗೆ ತಾನು ಕಳ್ಳತನಕ್ಕೆ ಕೈ ಹಾಕ್ತಿದ್ದೀನಿ ಅನಿಸಬಾರದು. ರಸೀದಿ ಪಡೆದವರಿಗೆ ಇದು ವಾಪಸ್ ಸಿಗುತ್ತೆ ಅನ್ನೋ ನಂಬಿಕೆ ಇರಬೇಕು. ಒಂದೇ ಕಾಗದ ಎರಡೂ ಕಡೆಯವರ ಬಾಯಿ ಮುಚ್ಚಿಸ್ತಿತ್ತು.

ದೇಶವನ್ನ ವಲಯಗಳಾಗಿ ಭಾಗ ಮಾಡಿದ್ದರು. ಮೊದಲ ವಲಯ ಈಶಾನ್ಯ ಭಾಗ, ಅಂದ್ರೆ ರಷ್ಯಾದ ಸೈನ್ಯ ಬರೋ ದಿಕ್ಕು. ಮಾದ್ ಇದ್ದದ್ದು ಅದರಲ್ಲೇ. ಕಾರ್ಯಾಚರಣೆ ಶುರುವಾಗಿದ್ದು ಏಪ್ರಿಲ್ 16, ಯಹೂದಿಗಳ ಪೆಸಾಖ್ ಹಬ್ಬ ಮುಗಿದ ಮರುದಿನ.

ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ನಡೀತಿತ್ತು. ಹಂಗೇರಿಯ ಹಳ್ಳಿಯಲ್ಲಿ ಒಬ್ಬ ಕಾರ್ಯದರ್ಶಿ ಇರ್ತಿದ್ದ. ನಮ್ಮ ಕಡೆ ಹಿಂದೆ ಶ್ಯಾನುಭೋಗರು ಇರ್ತಿದ್ದರಲ್ಲ, ಊರಿನ ಲೆಕ್ಕ ದಾಖಲೆ ಎಲ್ಲ ಅವರ ಕೈಯಲ್ಲಿ, ಹೆಚ್ಚುಕಡಿಮೆ ಹಾಗೆ. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಯಾರ ಮಗ, ಅವನಿಗೆ ಗೊತ್ತು. ಪಟ್ಟಿ ತಯಾರು. ಬೆಳಗಿನ ಜಾವ ಜೆಂಡಾರ್ಮ್‌ಗಳು ಬರ್ತಾರೆ. ಇವರು ಹಳ್ಳಿಗಾಡಿನ ಅರೆಸೇನಾ ಪೊಲೀಸರು. ಟೋಪಿಗೆ ಹುಂಜದ ಗರಿ ಸಿಕ್ಕಿಸಿಕೊಂಡವರು. ಬಾಗಿಲು ತಟ್ಟಿ, ಹೊರಡೋಕೆ ಸ್ವಲ್ಪವೇ ಹೊತ್ತು ಕೊಡ್ತಾರೆ. ಮೊದಲು ಊರಿನ ಸಿನಗಾಗ್‌ನಲ್ಲೋ ಶಾಲೆಯಲ್ಲೋ ಕೂಡಿಹಾಕಿ, ಆಮೇಲೆ ಹತ್ತಿರದ ಪಟ್ಟಣಕ್ಕೆ ಸಾಗಿಸ್ತಾರೆ.

ಮಾದ್‌ನವರನ್ನ ಸೇರಿಸಿದ್ದು ಶಾತೊರಾಲ್ಯಊಯ್‌ಹೇಯ್ ಅನ್ನೋ ಪಟ್ಟಣಕ್ಕೆ. ಹೆಸರು ಹೇಳೋಕೆ ನಾಲಿಗೆ ತಡವರಿಸುತ್ತೆ, ಅಲ್ಲಿನವರೇ ಚಿಕ್ಕದಾಗಿ ಊಯ್‌ಹೇಯ್ ಅಂತಾರೆ. ಆ ಕಾಲದ ಜಿಲ್ಲಾ ಕೇಂದ್ರ, ಈಗ ಸ್ಲೊವಾಕಿಯಾ ಗಡಿಗೆ ಅಂಟಿಕೊಂಡ ಊರು. ರೋಮಾ ಜನಾಂಗದವರ ಬಡಾವಣೆ ಮತ್ತು ಅದರ ಸುತ್ತಲಿನ ಬೀದಿಗಳಲ್ಲಿ ಸುಮಾರು 15,000 ಜನರನ್ನು ತುರುಕಿದರು. ಗಟ್ಟಿಮುಟ್ಟಾದ ಗಂಡಸರಲ್ಲಿ ಅನೇಕರು ಕಾರ್ಮಿಕ ಸೇವೆಗೆ ಹೋಗಿದ್ದರಿಂದ, ಇಲ್ಲಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಚಿನ್ನ ಬಚ್ಚಿಟ್ಟಿದ್ದೀರಿ ಅಂತ ಸುತ್ತಮುತ್ತಲ ಗೆಟ್ಟೋಗಳಲ್ಲಿ ಜನರನ್ನ ಹೊಡೆದು ಬಾಯಿಬಿಡಿಸಲಾಯಿತು. ರಸೀದಿಯ ಮರ್ಯಾದೆ ಅಲ್ಲಿಗೆ ಮುಗೀತು.

ಊಯ್‌ಹೇಯ್‌ನಿಂದ ನಾಲ್ಕು ರೈಲು ಹೊರಟವು. ಮೇ 16, ಮೇ 22, ಮೇ 25, ಜೂನ್ 3. ಆ ಗುಪ್ತ ಆದೇಶ ಹೊರಟು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಹಬ್ಬ ಮುಗಿದು ಏಳು ವಾರ.

ಲೆಕ್ಕ

ಸಾಮಾನು ಸಾಗಿಸೋ ಬೋಗಿಗಳು. ಒಂದೊಂದರಲ್ಲಿ ಸುಮಾರು 70 ಜನ, ಕುಡಿಯೋಕೆ ಒಂದು ಬಕೆಟ್ ನೀರು, ಶೌಚಕ್ಕೆ ಇನ್ನೊಂದು ಬಕೆಟ್. ಕಾಶ್ಶಾ ಅನ್ನೋ ನಿಲ್ದಾಣದವರೆಗೆ ಹಂಗೇರಿಯವರ ಕಾವಲು, ಅಲ್ಲಿ ರೈಲನ್ನ ಜರ್ಮನ್ನರಿಗೆ ಒಪ್ಪಿಸೋದು. ಆ ಊರು ಈಗ ಸ್ಲೊವಾಕಿಯಾದ ಕೊಶಿತ್ಸೆ.

ಮೇ 15ರಿಂದ ಜುಲೈ 9ರವರೆಗೆ, 56 ದಿನದಲ್ಲಿ, ಹಂಗೇರಿಯಿಂದ 147 ರೈಲು. ಜರ್ಮನ್ ರಾಯಭಾರಿಯ ವರದಿ ಕೊಡೋ ಸಂಖ್ಯೆ 4,37,402 ಜನ. ಅಂದ್ರೆ ದಿನಕ್ಕೆ ಸರಾಸರಿ 7,800. ಇಡೀ ಹೋಲೊಕಾಸ್ಟ್‌ನಲ್ಲಿ ಇಷ್ಟು ವೇಗವಾಗಿ ಇಷ್ಟು ಜನರನ್ನ ಸಾಗಿಸಿದ ಉದಾಹರಣೆಗಳು ತೀರಾ ಕಡಿಮೆ. ಆ ರೈಲುಗಳಿಗಾಗಿಯೇ ಆಶ್‌ವಿಟ್ಜ್ ಕ್ಯಾಂಪಿನ ಒಳಗಡೆವರೆಗೂ ಹೊಸ ಹಳಿ ಹಾಕಿದ್ದರು. ಇಳಿದವರಲ್ಲಿ ಬಹುಪಾಲು ಜನರನ್ನು ಅದೇ ದಿನ ವಿಷಾನಿಲದಿಂದ ಕೊಂದರು.

ಈಗ ಎರಡನೇ ಲೆಕ್ಕ. ಐಖ್‌ಮನ್ ಜೊತೆ ಬಂದಿದ್ದ ತಂಡ ಎಷ್ಟು ದೊಡ್ಡದು? ಡ್ರೈವರ್, ಟೈಪಿಸ್ಟ್ ಎಲ್ಲ ಸೇರಿ ಇನ್ನೂರರ ಒಳಗೆ. ಇನ್ನೂರು ಜನ, ಭಾಷೆ ಗೊತ್ತಿಲ್ಲದ ದೇಶದಲ್ಲಿ, ನೂರಾರು ಹಳ್ಳಿಗಳಲ್ಲಿ ಯಾರ ಮನೆ ಯಾವುದು ಅಂತ ಹುಡುಕೋಕೆ ಸಾಧ್ಯವೇ ಇಲ್ಲ. ಹುಡುಕಿಕೊಟ್ಟವರು ಸುಮಾರು 20,000 ಹಂಗೇರಿ ಜೆಂಡಾರ್ಮ್‌ಗಳು, ಜೊತೆಗೆ ಹಳ್ಳಿ ಕಾರ್ಯದರ್ಶಿಗಳು, ತೆರಿಗೆ ಗುಮಾಸ್ತರು, ರೈಲ್ವೆಯವರು. ಹೆರಿಗೆ ಮಾಡಿಸೋ ಸೂಲಗಿತ್ತಿಯರನ್ನೂ ಬಿಡಲಿಲ್ಲ, ಹೆಂಗಸರ ಮೈ ತಪಾಸಣೆಗೆ ಕರೆತಂದರು.

ಇವರೆಲ್ಲ ರಾಕ್ಷಸರಾ? ಕೆಲವರು ಖಂಡಿತ. ಆದರೆ ಹೆಚ್ಚಿನವರು ತಮ್ಮ ಪಾಲಿನ ಒಂದು ಕಾಗದ ಮುಗಿಸಿ ಮನೆಗೆ ಹೋದವರು. ಊಟ ತಂದುಕೊಟ್ಟ ನೆರೆಯವರೂ ಇದ್ದರು, ಬಚ್ಚಿಟ್ಟವರೂ ಇದ್ದರು, ಕಡಿಮೆ. ಖಾಲಿಯಾದ ಮನೆ, ಅಂಗಡಿ ನಮಗೆ ಕೊಡಿ ಅಂತ ಅರ್ಜಿ ಹಾಕಿದವರು ದೇಶದುದ್ದಕ್ಕೂ ಇದ್ದರು. ಹಂಗೇರಿಯ ಇತಿಹಾಸಕಾರರಾದ ಗಾಬೊರ್ ಕಾದಾರ್ ಮತ್ತು ಜೊಲ್ತಾನ್ ವಾಗಿ ಈ ಆರ್ಥಿಕ ಮುಖದ ಬಗ್ಗೆಯೇ ಪುಸ್ತಕ ಬರೆದಿದ್ದಾರೆ. ಈ ನರಮೇಧದ ಖರ್ಚನ್ನ ಸತ್ತವರ ಆಸ್ತಿಯಿಂದಲೇ ತುಂಬಿಸಲಾಯಿತು ಅನ್ನೋದು ಅವರ ವಾದದ ತಿರುಳು.

ಹೋದವರಿಗೆ ಎಲ್ಲಿಗೆ ಹೋಗ್ತಿದ್ದೀವಿ ಅಂತ ಗೊತ್ತಿರಲಿಲ್ಲ. ದೇಶದೊಳಗೇ ಎಲ್ಲೋ ಹೊಲದ ಕೆಲಸಕ್ಕೆ ಅಂತ ಹೇಳಿದ್ದರು. ಆಶ್‌ವಿಟ್ಜ್ ತಲುಪಿದ ಕೆಲವರ ಕೈಯಲ್ಲಿ, ಕೊಲ್ಲೋ ಮೊದಲು, ಪೋಸ್ಟ್‌ಕಾರ್ಡ್ ಬರೆಸಿದರು. ಚೆನ್ನಾಗಿದ್ದೀವಿ, ಕೆಲಸ ಮಾಡ್ತಿದ್ದೀವಿ ಅಂತ. ಊರಿನ ಹೆಸರು 'ವಾಲ್ಡ್‌ಸೀ' ಅಂತ ಬರೆಸಿದ್ದರು, ಸರೋವರದ ಪಕ್ಕದ ಒಂದು ಚಂದದ ಜಾಗದ ಹೆಸರಿನ ಹಾಗೆ.

ಇದೇ ವಲಯದ ಇನ್ನೊಂದು ಪಟ್ಟಣ ಸಿಗೆಟ್. ಅಲ್ಲಿಂದ ಅದೇ ಮೇ ತಿಂಗಳಲ್ಲಿ ರೈಲು ಹತ್ತಿದ 15 ವರ್ಷದ ಹುಡುಗ ಎಲೀ ವೀಸೆಲ್, ಮುಂದೆ 1986ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಬಿಲ್ಕೆ ಅನ್ನೋ ಹಳ್ಳಿಯ ಲಿಲಿ ಯಾಕೊಬ್ ಅನ್ನೋ ಹುಡುಗಿ ಬದುಕುಳಿದು, ಯುದ್ಧದ ಕೊನೆಗೆ ಇನ್ನೊಂದು ಕ್ಯಾಂಪಿನಲ್ಲಿ ಒಂದು ಫೋಟೋ ಆಲ್ಬಮ್ ಕಂಡಳು. ತೆರೆದರೆ ಅವಳದೇ ಊರಿನ ಜನ, ಆಶ್‌ವಿಟ್ಜ್‌ನಲ್ಲಿ ರೈಲಿಂದ ಇಳೀತಿರೋದು. ನಾಜಿಗಳೇ ತೆಗೆದ ಫೋಟೋ. ನೀವು ಇಂಟರ್ನೆಟ್‌ನಲ್ಲಿ ನೋಡಿರೋ ಆಶ್‌ವಿಟ್ಜ್ ರೈಲ್ವೆ ಫೋಟೋಗಳಲ್ಲಿ ಬಹಳಷ್ಟು ಆ ಆಲ್ಬಮ್‌ನವೇ.

ಜುಲೈ ಮೊದಲ ವಾರ, ಹೊರದೇಶಗಳ ಒತ್ತಡ ಹೆಚ್ಚಾದಾಗ, ಹೋರ್ತಿ ರೈಲುಗಳನ್ನ ನಿಲ್ಲಿಸೋಕೆ ಹೇಳಿದ. ಅಂದ್ರೆ ನಿಲ್ಲಿಸೋಕೆ ಆಗ್ತಿತ್ತು. ಬುಡಾಪೆಸ್ಟ್‌ನ ಬಹಳಷ್ಟು ಯಹೂದಿಗಳು ಅದರಿಂದಲೇ ಆಗ ಉಳಿದರು. ಆದರೆ ಹಳ್ಳಿಗಳಲ್ಲಿ ಉಳಿಸೋಕೆ ಅಷ್ಟೊತ್ತಿಗೆ ಯಾರೂ ಇರಲಿಲ್ಲ.

ರಸೀದಿ ಏನಾಯ್ತು?

ಈಗ ಆ ಒಡವೆಗಳ ಕಥೆ. ದೇಶದುದ್ದಕ್ಕೂ ಯಹೂದಿಗಳಿಂದ ಪಡೆದ ಮದುವೆ ಉಂಗುರ, ವಾಚು, ಬೆಳ್ಳಿ ಸಾಮಾನು, ಕ್ಯಾಮೆರಾ, ಕಂಬಳಿ, ಚಿತ್ರಪಟ, ಇವುಗಳಲ್ಲಿ ಬೆಲೆಬಾಳೋದನ್ನೆಲ್ಲ 1944ರ ಡಿಸೆಂಬರ್‌ನಲ್ಲಿ ಒಂದು ರೈಲಿಗೆ ತುಂಬಿ ಪಶ್ಚಿಮಕ್ಕೆ ಸಾಗಿಸಿದರು. ಇದಕ್ಕೆ 'ಗೋಲ್ಡ್ ಟ್ರೇನ್' ಅಂತ ಹೆಸರು. ದಾರಿಯಲ್ಲಿ, ಅದರ ಉಸ್ತುವಾರಿಯಲ್ಲಿದ್ದ ಆರ್ಪಾದ್ ತೋಲ್ಡಿ ಅನ್ನೋ ಅಧಿಕಾರಿಯ ಕೈಕೆಳಗೆ, ವಸ್ತುಗಳನ್ನ ಬೇರೆ ಬೇರೆ ಮಾಡಿದರು. ಉಂಗುರ ಒಂದು ಪೆಟ್ಟಿಗೆ, ವಾಚು ಒಂದು ಪೆಟ್ಟಿಗೆ. ಹೆಸರು ಬರೆದಿದ್ದ ಲಕೋಟೆಗಳಿಂದ ಒಡವೆ ಹೊರಬಂದವು. ಹೆಸರು ಹೋಯ್ತು.

1945ರ ಮೇನಲ್ಲಿ ಆಸ್ಟ್ರಿಯಾದಲ್ಲಿ ಅಮೆರಿಕದ ಸೈನ್ಯಕ್ಕೆ ಈ ರೈಲು ಸಿಕ್ಕಿತು. ಯಾವುದು ಯಾರದ್ದು ಅಂತ ಗುರುತಿಸೋಕೆ ಆಗಲ್ಲ ಅನ್ನೋ ಕಾರಣ ಕೊಟ್ಟು, ವಾರಸುದಾರರಿಗೆ ವಾಪಸ್ ಕೊಡಲಿಲ್ಲ. ಕೆಲವು ಸಾಮಾನು ಸೈನ್ಯದ ಅಧಿಕಾರಿಗಳ ಮನೆ ಸೇರಿತು, ಬಹಳಷ್ಟನ್ನ ಹರಾಜು ಹಾಕಿ ಹಣವನ್ನ ನಿರಾಶ್ರಿತರ ನೆರವಿಗೆ ಕೊಟ್ಟರು. ಬದುಕುಳಿದವರು ಕೋರ್ಟಿಗೆ ಹೋಗಿ, 2005ರಲ್ಲಿ ಅಮೆರಿಕ ಸರ್ಕಾರ 2.55 ಕೋಟಿ ಡಾಲರ್‌ಗೆ ರಾಜಿ ಮಾಡ್ಕೊಳ್ತು. ಅದೂ ಒಬ್ಬೊಬ್ಬರ ಕೈಗೆ ಅಲ್ಲ, ಕಷ್ಟದಲ್ಲಿರೋ ಬದುಕುಳಿದವರ ನೆರವಿನ ಯೋಜನೆಗಳಿಗೆ.

ಮಾದ್‌ನ ಯಾವುದಾದರೂ ಮನೆಯ ಉಂಗುರ ಆ ಪೆಟ್ಟಿಗೆಯಲ್ಲಿತ್ತಾ? ಯಾರೂ ಹೇಳೋಕೆ ಆಗಲ್ಲ. ಲಕೋಟೆಯಿಂದ ಹೆಸರನ್ನ ಬೇರೆ ಮಾಡಿದ್ದರ ಅರ್ಥವೇ ಅದು. ಜನರನ್ನ ಹಿಡಿಯೋಕೆ ಹೆಸರು ಬೇಕಿತ್ತು, ಎಲ್ಲ ಸರಿಯಾಗಿ ಬರೆದರು. ವಾಪಸ್ ಕೊಡೋ ಸಮಯಕ್ಕೆ ಹೆಸರು ಇರಲಿಲ್ಲ.

ವಾಪಸ್ ಬಂದವರು

ತೊಕಾಯ್ ಸೀಮೆಗೆ ಕೆಲವರು ವಾಪಸ್ ಬಂದರು. ಕ್ಯಾಂಪಿನಲ್ಲಿ ದುಡಿಮೆಗೆ ಆಯ್ಕೆಯಾಗಿ ಉಳಿದ ಯುವತಿಯರು, ಕಾರ್ಮಿಕ ಸೇವೆಯಿಂದ ಬದುಕಿ ಬಂದ ಗಂಡಸರು. ವಿಚಿತ್ರ ನೋಡಿ, ಸಾವಿನ ದಾರಿ ಅಂದುಕೊಂಡಿದ್ದ ಕಾರ್ಮಿಕ ಸೇವೆಯೇ 1944ರ ಬೇಸಿಗೆಯಲ್ಲಿ ಹಲವು ಗಂಡಸರನ್ನ ಆಶ್‌ವಿಟ್ಜ್ ರೈಲಿನಿಂದ ತಪ್ಪಿಸಿತ್ತು. ಅವರು ಬಂದು ಬಾಗಿಲು ತಟ್ಟಿದಾಗ ಹೆಂಡತಿ ಮಕ್ಕಳು ಇರಲಿಲ್ಲ. ಎಷ್ಟೋ ಊರುಗಳಲ್ಲಿ ಬಾಗಿಲು ತೆಗೆದದ್ದು ಬೇರೆಯವರು.

ಸುಲಭ ಇರಲಿಲ್ಲ. 1946ರ ಮೇನಲ್ಲಿ ಕುನ್‌ಮದರಾಶ್ ಅನ್ನೋ ಊರಲ್ಲಿ, ನರಮೇಧದಿಂದ ಬದುಕುಳಿದು ಬಂದ ಯಹೂದಿಗಳ ಮೇಲೆ ಊರಿನವರೇ ದಾಳಿ ಮಾಡಿ ಕೊಂದರು. ಹಳ್ಳಿಗಳಲ್ಲಿ ಬದುಕು ಮತ್ತೆ ಕಟ್ಟೋಕೆ ನೋಡಿದವರು ಒಬ್ಬೊಬ್ಬರಾಗಿ ಬುಡಾಪೆಸ್ಟ್‌ಗೆ, ಇಸ್ರೇಲ್‌ಗೆ, ಅಮೆರಿಕಕ್ಕೆ ಹೋದರು. ಬಾಕಿ ಮತ್ತು ಅವನ ಜೊತೆಗಾರ ಎಂಡ್ರೆಯನ್ನ 1946ರಲ್ಲಿ ಗಲ್ಲಿಗೇರಿಸಿದರು. ಐಖ್‌ಮನ್ ಅರ್ಜೆಂಟೀನಾದಲ್ಲಿ ಸಿಕ್ಕಿಬಿದ್ದು, ಜೆರುಸಲೇಮ್‌ನಲ್ಲಿ ವಿಚಾರಣೆ ಎದುರಿಸಿ, 1962ರಲ್ಲಿ ಗಲ್ಲಿಗೇರಿದ. ಪಟ್ಟಿ ಬರೆದ ಗುಮಾಸ್ತರಲ್ಲಿ ಎಷ್ಟೋ ಜನ ಮುಂದಿನ ಸರ್ಕಾರದ ಪಟ್ಟಿಗಳನ್ನ ಬರೀತಾ ಇದ್ದರು.

ಆಮೇಲೆ ಕಮ್ಯುನಿಸ್ಟ್ ಸರ್ಕಾರ ಬಂತು, ದ್ರಾಕ್ಷಿ ತೋಟಗಳು ಸರ್ಕಾರದ್ದಾದವು. ಸಿನಗಾಗ್ ಪಾಳುಬಿತ್ತು. ಆ ಸರ್ಕಾರ ಹೋದ ಮೇಲೆ, 1991-92ರ ಕಾನೂನುಗಳಲ್ಲಿ, ಕಳೆದುಕೊಂಡ ಆಸ್ತಿಗೆ ಭಾಗಶಃ ಪರಿಹಾರದ ಪತ್ರಗಳನ್ನ ಕೊಟ್ಟರು. ಮತ್ತೆ ಕಾಗದ.

ಇವತ್ತು

ಮಾದ್‌ನ ಸಿನಗಾಗ್ ದುರಸ್ತಿ 2004ರ ಹೊತ್ತಿಗೆ ಮುಗೀತು. ಪಾರಂಪರಿಕ ಕಟ್ಟಡಗಳಿಗೆ ಕೊಡೋ ಯುರೋಪಾ ನೋಸ್ತ್ರಾ ಪ್ರಶಸ್ತಿಯೂ ಬಂತು. ರಬ್ಬಿಯ ಮನೆಯನ್ನೂ ಆಮೇಲೆ ಸರಿಪಡಿಸಿ, ಈ ಸೀಮೆಯ ಗುರುಗಳ ಊರುಗಳನ್ನ ಜೋಡಿಸೋ ಯಾತ್ರಾ ಮಾರ್ಗಕ್ಕೆ ಸೇರಿಸಿದ್ದಾರೆ. ಮಾದ್ ಈಗ ಮತ್ತೆ ತೊಕಾಯ್‌ನ ಹೆಸರುವಾಸಿ ವೈನ್ ಊರು. ವೈನ್ ರುಚಿ ನೋಡೋಕೆ ಬಂದವರು ಸಿನಗಾಗ್‌ಗೂ ಹೋಗ್ತಾರೆ, ಮೇಲಕ್ಕೆ ಕತ್ತೆತ್ತಿ ನೋಡ್ತಾರೆ, ಫೋಟೋ ತೆಗೀತಾರೆ.

ಕಟ್ಟಡ ಉಳಿಸಿದ್ದು ಒಳ್ಳೇದೇ. ಆದರೆ ಹೆಸರುಗಳ ಕೆಲಸ ಬೇರೆ ಕಡೆ ನಡೀತಿದೆ. ಜೆರುಸಲೇಮ್‌ನ ಯಾದ್ ವಶೇಮ್ ಸಂಸ್ಥೆ ದಶಕಗಳಿಂದ ಸತ್ತ ಒಬ್ಬೊಬ್ಬರ ಹೆಸರನ್ನೂ ಸೇರಿಸ್ತಾ ಇದೆ. ಹೆಸರು, ಊರು, ಅಪ್ಪ-ಅಮ್ಮ, ಎಲ್ಲಿ ಸತ್ತರು. ಅದು ಆನ್‌ಲೈನ್‌ನಲ್ಲಿದೆ, ನಿಮ್ಮ ಫೋನಿನಲ್ಲೇ ನೋಡಬಹುದು. ಅದೂ ಒಂದು ಪಟ್ಟಿಯೇ. ಮೊದಲ ಪಟ್ಟಿ ಬರೆದವರು ಹೆಸರಿನ ಮುಂದೆ ಸಾಮಾನು ಬರೆದರು. ಈ ಪಟ್ಟಿ ಬರೀತಿರೋರು ಹೆಸರಿನ ಮುಂದೆ ಆ ಮನುಷ್ಯ ಯಾರು ಅಂತ ಬರೀತಿದ್ದಾರೆ.

ಸಿನಿಮಾ ನೋಡೋರಿಗೆ ಒಂದು ಸಲಹೆ: 2017ರಲ್ಲಿ ಬಂದ '1945' ಅನ್ನೋ ಹಂಗೇರಿಯನ್ ಸಿನಿಮಾ. ನಿರ್ದೇಶಕ ಫೆರೆಂಟ್ಸ್ ತೊರೊಕ್. ಕಪ್ಪು-ಬಿಳುಪು. ಯುದ್ಧ ಮುಗಿದ ಮೇಲೆ ಒಂದು ಹಳ್ಳಿಯ ರೈಲ್ವೆ ನಿಲ್ದಾಣದಲ್ಲಿ ಇಬ್ಬರು ಯಹೂದಿಗಳು ಇಳೀತಾರೆ, ಜೊತೆಗೆ ಎರಡು ಪೆಟ್ಟಿಗೆ. ಅಷ್ಟೇ. ಮನೆ ವಾಪಸ್ ಕೇಳೋಕೆ ಬಂದರಾ ಅಂತ ಇಡೀ ಊರು ನಡುಗುತ್ತೆ. ಪೆಟ್ಟಿಗೆಯಲ್ಲಿ ಏನಿದೆ ಅಂತ ನಾನು ಹೇಳಲ್ಲ.

ನೋಡಿ, ಅನಿಸಿದ್ದನ್ನ ನಮಗೆ ಬರೆದು ಕಳಿಸಿ.